ಕ್ಯಾಂಪರ್ (ಒಳಗೇ ಮಲಗಿ ಊರೂರು ಸುತ್ತುವ ಗಾಡಿ) ಮಾಡಿಸಲು ಯಾವ ದೊಡ್ಡ ವ್ಯಾನ್ ಜಾಸ್ತಿ ಮೈಲೇಜ್ ಕೊಡುತ್ತದೆ?

ನಾನೂ ಇದನ್ನೇ ಕಂಡಕಂಡವರ ಹತ್ತಿರ ಕೇಳುತ್ತಿದ್ದೆ. ಕೊನೆಗೆ ಮೈಲೇಜ್ ನೋಡಿಯೇ ಹಳೆಯದೊಂದು ಫ್ರಂಟ್ ವೀಲ್ ಡ್ರೈವ್, ಅಂದರೆ ಮುಂದಿನ ಚಕ್ರ ಎಳೆಯುವ ವ್ಯಾನ್ ತಗೊಂಡೆ. ಮುಳ್ಳೇರಿಯಾದಲ್ಲಿ ಆಚಾರಿ ಹಿಡಿದು ಒಳಗಿನ ಕೆಲಸ ಮಾಡಿಸಿದೆ. ಮಂಚ, ಕಪಾಟು ಎಲ್ಲ 18 ಮಿ.ಮೀ. ಪ್ಲೈವುಡ್. 200 ಲೀಟರಿನ ನೀರಿನ ಟ್ಯಾಂಕ್ ಹಿಂಬಾಗಿಲಿಗೆ ತಾಗಿಯೇ ಕೂತಿತು. ಪೈಪ್ ಹಾಕಲು ಸುಲಭ ಅಲ್ವಾ, ಅದಕ್ಕೆ.

ಆಟಿ ತಿಂಗಳ ಮಳೆ. ಮನೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ತುಂಬಿಸಿಕೊಂಡು ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೊರಟೆವು. ಕರಿಕೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಮುಂದಿನ ಚಕ್ರ ನಿಂತಲ್ಲೇ ತಿರುಗಿತು. ಗಾಡಿ ಹಿಂದೆ ಜಾರತೊಡಗಿತು. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ನೀರೆಲ್ಲ ರಸ್ತೆಗೆ ಬಿಟ್ಟ ಮೇಲೆಯೇ ಅದು ಏರು ಹತ್ತಿದ್ದು.

ಗಾಡಿಯದ್ದೇನೂ ತಪ್ಪಿಲ್ಲ. 200 ಲೀಟರ್ ನೀರು ಅಂದರೆ 200 ಕಿಲೋ. ಅದು ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್‌ಗಿಂತಲೂ ಹಿಂದೆ ಕೂತರೆ ತಕ್ಕಡಿಯ ಹಾಗೆ ಮುಂಭಾಗವನ್ನು ಎತ್ತುತ್ತದೆ. ಎಳೆಯಬೇಕಾದದ್ದು ಮುಂದಿನ ಚಕ್ರ, ಭಾರ ಕಡಿಮೆಯಾಗುವುದೂ ಅದರ ಮೇಲೆಯೇ. ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಜೊತೆಗೆ ಒದ್ದೆ ರಸ್ತೆ. ಟ್ಯಾಂಕ್ ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರ ಇರಬೇಕಿತ್ತು. ಒಳಗೆ ಅಡ್ಡ ತಡೆಗಳೂ ಬೇಕಿತ್ತು, ಇಲ್ಲದಿದ್ದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ಗಾಡಿಯನ್ನೇ ಜಗ್ಗುತ್ತದೆ. ಎಲ್ಲ ಕಿತ್ತು ಮತ್ತೆ ಮಾಡಿಸುವಾಗ ಮೈಲೇಜಿನಲ್ಲಿ ಉಳಿಸಬೇಕೆಂದಿದ್ದ ದುಡ್ಡೆಲ್ಲ ಹೋಯಿತು.

ಆ ಉಳಿತಾಯವಾದರೂ ಎಷ್ಟು? ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ, ಲೀಟರಿಗೆ 10 ಕೊಡುವ ಗಾಡಿ 600 ಲೀಟರ್ ಕುಡಿಯುತ್ತದೆ, 12 ಕೊಡುವುದು 500. ಇಡೀ ವರ್ಷಕ್ಕೆ 100 ಲೀಟರ್! ಇದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಒಳಗಿನ ಕೆಲಸದ ತೂಕ ನೋಡಿ. 8×4 ಅಡಿಯ 18 ಮಿ.ಮೀ. ಪ್ಲೈ ಹಲಗೆ ಒಂದೊಂದೂ ಸುಮಾರು 35 ಕಿಲೋ ತೂಗುತ್ತದೆ, 6 ಮಿ.ಮೀ.ದು ಅದರ ಮೂರನೇ ಒಂದು ಪಾಲು. ಕಪಾಟಿನ ಬಾಗಿಲಿಗೆ ಅದು ಧಾರಾಳ ಸಾಕು. ಆಚಾರಿ ಒಪ್ಪುವುದಿಲ್ಲ, ನೀವು ಬಿಡಬೇಡಿ.

ಘಾಟಿ, ಕೆಸರು ಇಷ್ಟವಾದರೆ ಹಿಂದಿನ ಚಕ್ರ ತಳ್ಳುವ ಫೋರ್ಸ್ ಟ್ರಾವೆಲರ್ ನೋಡಿ. ಬೇಕಲದಿಂದ ಗೋಕರ್ಣದ ತನಕ ಹೆದ್ದಾರಿ 66ರಲ್ಲೇ ಓಡಾಡುವವರಿಗೆ ಟಾಟಾ ವಿಂಗರ್ ಒಳ್ಳೆಯದೇ. ಅದು ಫ್ರಂಟ್ ವೀಲ್ ಡ್ರೈವ್, ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಶಾಫ್ಟ್ ಇಲ್ಲ, ಅದರ ಭಾರವೂ ಇಲ್ಲ.

ಡ್ರಿಲ್ ಹಿಡಿಯುವ ಮೊದಲೇ ಆರ್‌ಟಿಒ ಅನುಮತಿ ತಗೊಳ್ಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ಕೇಳುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ, ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಮುಂದಿನ ಚಕ್ರ ಮಾತ್ರ ಹತ್ತಿಸಿ ಒಮ್ಮೆ, ಇಡೀ ಗಾಡಿ ಹತ್ತಿಸಿ ಒಮ್ಮೆ ತೂಗಿಸಿ. ಮುಂದೆ ಎಷ್ಟು, ಹಿಂದೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ.