ಆರ್ಕ್ಟಿಕ್‌ನಲ್ಲಿ ಹಿಮ ಬೇಗ ಕರಗಿದರೆ ಹಕ್ಕಿಗಳಿಗೆ ಅನುಕೂಲವೇ ಅಲ್ಲವೇ?

ಮೊದಮೊದಲು ಅನುಕೂಲವೇ. ಅಲಾಸ್ಕಾದ ಉತ್ತರ ಕರಾವಳಿಯ ಕೂಪರ್ ದ್ವೀಪವನ್ನೇ ನೋಡಿ. ಅಲ್ಲಿ ಜಾರ್ಜ್ ಡಿವೋಕಿ 1975ರಿಂದ ಕಪ್ಪು ಗಿಲೆಮಾಟ್ ಎಂಬ ಕಡಲಹಕ್ಕಿಯನ್ನು ಅಧ್ಯಯನ ಮಾಡುತ್ತಾ ಬಂದಿದ್ದಾರೆ.

ಈ ಹಕ್ಕಿ ಬಯಲಲ್ಲಿ ಮೊಟ್ಟೆ ಇಡುವುದಿಲ್ಲ, ಪೊಟರೆಯಂಥ ಜಾಗ ಬೇಕು. ಆ ಪೊಟರೆಯ ಬಾಯಿಂದ ಹಿಮ ಸರಿದ ಮೇಲೆ ಮೊಟ್ಟೆ ಇಡಲು ಸುಮಾರು ಎರಡು ವಾರ, ಕಾವಿಗೆ ನಾಲ್ಕು ವಾರ, ಮರಿ ಹಾರಲು ಐದು ವಾರ. ಒಟ್ಟು ಸುಮಾರು 80 ದಿನ ಹಿಮವಿರಬಾರದು. ಬೇಸಿಗೆ ಉದ್ದವಾದಂತೆ ಈ ಅವಧಿ ಸಿಕ್ಕಿತು. 1980ರ ದಶಕದ ಕೊನೆಗೆ ಅಲ್ಲಿ 200ಕ್ಕೂ ಹೆಚ್ಚು ಜೋಡಿಗಳಿದ್ದವು.

ಪೆಟ್ಟು ಬಿದ್ದದ್ದು ಊಟಕ್ಕೆ. ಮರಿಗಳ ಮುಖ್ಯ ಆಹಾರ ಆರ್ಕ್ಟಿಕ್ ಕಾಡ್ ಎಂಬ ಕೊಬ್ಬಿನ ಮೀನು. ಅದು ಕಡಲ ಮಂಜುಗಡ್ಡೆಯ ಅಡಿಯಲ್ಲಿ, ತಣ್ಣೀರಿನಲ್ಲಿ ಇರುವಂಥದ್ದು. ಮರಿ ಬೆಳೆಯುವ ಆಗಸ್ಟ್ ತಿಂಗಳಲ್ಲೇ ಮಂಜುಗಡ್ಡೆ ದಡದಿಂದ ಬಹಳ ದೂರ ಸರಿದುಬಿಡುತ್ತದೆ. ಆಗ ತಾಯ್ತಂದೆಯರು ದಡದ ಬಳಿ ಸಿಗುವ ಸ್ಕಲ್ಪಿನ್ ಮೀನು ತರುತ್ತವೆ. ಅದರ ತಲೆ ಅಗಲ, ಮೇಲೆ ಮುಳ್ಳು. ಮರಿಗೆ ನುಂಗಲು ಕಷ್ಟ. ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಮರಿ. ಆಹಾರ ಸಾಲದಾದಾಗ ದೊಡ್ಡದು ಮೊದಲು ಕಸಿದು ತಿನ್ನುತ್ತದೆ, ಚಿಕ್ಕದು ಹಸಿವಿನಿಂದ ಸಾಯುತ್ತದೆ. ಇದು ನಿಜಕ್ಕೂ ಸಂಕಟದ ಸಂಗತಿ.

ಮಂಜುಗಡ್ಡೆ ಇಲ್ಲದೆ ದಡಕ್ಕೆ ಬಂದ ಹಿಮಕರಡಿಗಳು ಈ ಹಕ್ಕಿಗಳಿಗೆಂದು ಇಟ್ಟಿದ್ದ ಮರದ ಗೂಡುಪೆಟ್ಟಿಗೆಗಳನ್ನು ಉರುಳಿಸಿ ಮರಿಗಳನ್ನು ತಿಂದವು. ಅದಕ್ಕೇ 2011ರಲ್ಲಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಇಡಲಾಯಿತು. ಕರಡಿಯ ಕಾಟ ತಗ್ಗಿತು. ಮೀನಿನ ಕೊರತೆಗೆ ಪೆಟ್ಟಿಗೆ ಏನು ಮಾಡೀತು? 2017ರ ಹೊತ್ತಿಗೆ ಜೋಡಿಗಳು ನೂರಕ್ಕಿಂತ ಕೆಳಗಿಳಿದಿದ್ದವು.