ಕೇರಳದ ನೀರು ಕುಡಿದು ಕನ್ನಡ ಯಾಕೆ ಅಂತ ಕೇಳಿದೆಯಲ್ಲ

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ ಮಾರಾಯ. "ಕೇರಳದ ನೀರು ಕುಡೀತೀರಿ, ಕೇರಳದ ರೇಷನ್ ತಿಂತೀರಿ, ಇನ್ನೂ ಎಷ್ಟು ದಿನ ಕನ್ನಡ ಕನ್ನಡ ಅಂತೀರಿ?" ಅಂದೆ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಗೊತ್ತು. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಕಾಸರಗೋಡು ಅಂದರೆ ನಕ್ಷೆಯ ಕೆಳಗಿನ ಒಂದು ಗೆರೆ ಅಷ್ಟೆ. ರೇಷನ್ ವಿಷಯ ಬಿಡು. ನೀರಿನ ವಿಷಯಕ್ಕೆ ಮಾತ್ರ ಉತ್ತರ ಕೊಡದೆ ಇರಲು ನನ್ನಿಂದ ಆಗುವುದಿಲ್ಲ.

ಮೊದಲು ಆ ನೀರು ಎಲ್ಲಿಯದು ನೋಡು. ಕಾಸರಗೋಡು ಪೇಟೆಯ ನಲ್ಲಿಗಳಿಗೆ ನೀರು ಬರುವುದು ಬಾವಿಕ್ಕೆರೆಯಿಂದ. ಅಲ್ಲಿ ಹರಿಯುವುದು ಪಯಸ್ವಿನಿ. ಅವಳು ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸಂಪಾಜೆ ದಾಟಿ, ಸುಳ್ಯದ ಬದಿಯಿಂದ ಇಳಿದು ನಮ್ಮ ಕಡೆಗೆ ಬರುತ್ತಾಳೆ. ಕೆಳಗೆ ಬಂದ ಹಾಗೆ ಚಂದ್ರಗಿರಿ ಹೊಳೆ ಅಂತ ಹೆಸರು. ಹುಟ್ಟಿದಲ್ಲಿಂದ ಸಮುದ್ರದವರೆಗೆ 105 ಕಿ.ಮೀ. ಅಷ್ಟೆ. ಇದೇ ಹೊಳೆಯನ್ನು ಹಿಡಿದು 1967ರಲ್ಲಿ, ರಾಜ್ಯಗಳ ಗಡಿ ಜಗಳ ನೋಡಲು ನೇಮಿಸಿದ್ದ ಮಹಾಜನ ಆಯೋಗ ತನ್ನ ಮಾತು ಹೇಳಿತು. ಚಂದ್ರಗಿರಿಯಿಂದ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ. ಅದು ಜಾರಿಗೆ ಬರಲೇ ಇಲ್ಲ. ನನ್ನ ಅಪ್ಪನಿಗೆ ಚಂದ್ರಗಿರಿ ಅಂದರೆ ಗಡಿ. ನನ್ನ ಮಗಳಿಗೆ ಅದು ಬೆಳಗ್ಗೆ ಹಲ್ಲುಜ್ಜುವ ನೀರು.

ಬಾವಿಕ್ಕೆರೆ ಎನ್ನುವ ಹೆಸರನ್ನೇ ತಗೋ. ಕನ್ನಡದಲ್ಲಿ ಬರೆದರೆ ಕೊನೆಗೆ 'ಕೆರೆ' ಇದೆ. ಮಲಯಾಳಂನಲ್ಲಿ ಬರೆದರೆ ಅದು 'ಕರ', ಅಂದರೆ ದಡ. ಒಂದೇ ಜಾಗ. ನಮಗೆ ಕೇಳುವುದು ನೀರು, ಅವರಿಗೆ ಕೇಳುವುದು ನೆಲ. ನಮ್ಮೂರಿನ ಅರ್ಧ ಕತೆ ಹೀಗೇ.

ಇನ್ನು ನೀರು ಕೊಡುವವರ ಚರಿತ್ರೆ. ತಿರುವನಂತಪುರಕ್ಕೆ ಕರಮನ ಹೊಳೆಯ ಅರುವಿಕ್ಕರದಿಂದ ಪೈಪಿನಲ್ಲಿ ನೀರು ಬಂದದ್ದು 1933ರಲ್ಲಿ. ವೈಸರಾಯ್ ವಿಲ್ಲಿಂಗ್ಡನ್ ಉದ್ಘಾಟನೆ ಮಾಡಿದರು, ಅವರ ಹೆಸರನ್ನೇ ಅದಕ್ಕೆ ಇಟ್ಟರು. ಆಗ ನಾವು ತಿರುವಾಂಕೂರಿನವರಲ್ಲ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಕೋರ್ಟು, ಕಚೇರಿ, ಆಸ್ಪತ್ರೆ ಎಲ್ಲದಕ್ಕೂ ಮಂಗಳೂರು. 1956ರ ನವೆಂಬರ್ 1ರಂದು, ನೀವು ರಾಜ್ಯೋತ್ಸವ ಮಾಡುವ ಅದೇ ದಿನ, ನಾವು ಕೇರಳಕ್ಕೆ ಹೋದೆವು. ಆಮೇಲೆ ತುಂಬಾ ವರ್ಷ ಕಣ್ಣೂರು ಜಿಲ್ಲೆಯ ತುದಿಯಾಗಿ ಇದ್ದೆವು. ಆ ಕಾಲದಲ್ಲಿ ನಲ್ಲಿ ನೀರು ಸರ್ಕಾರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆಯ ಕೆಲಸ. 1984ರ ಏಪ್ರಿಲ್ 1ರಂದು ಸುಗ್ರೀವಾಜ್ಞೆ ತಂದು ಆ ಇಲಾಖೆಯನ್ನು ಕೇರಳ ವಾಟರ್ ಅಥಾರಿಟಿ ಅಂತ ಬೇರೆ ಸಂಸ್ಥೆ ಮಾಡಿದರು. 1986ರಲ್ಲಿ ಅದಕ್ಕೆ ಕಾಯ್ದೆಯೂ ಬಂತು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಹಾಗಾಗಿ ಜಿಲ್ಲೆಯೂ ನೀರಿನ ಸಂಸ್ಥೆಯೂ ಒಂದೇ ವಯಸ್ಸಿನವು. ಅದರ ಮುಖ್ಯ ಕಚೇರಿ ಇರುವುದು ತಿರುವನಂತಪುರದಲ್ಲಿ, ನಮ್ಮಿಂದ 500 ಕಿ.ಮೀ.ಗಿಂತ ಜಾಸ್ತಿ ದೂರ. ಮಂಗಳೂರು 50 ಕಿ.ಮೀ.

ಆದರೆ ಒಂದು ಮಾತು ನಿನಗೆ ಅರ್ಥ ಆಗಬೇಕು. ನಮ್ಮ ನೀರಿನ ಚರಿತ್ರೆ ನಲ್ಲಿಯಿಂದ ಶುರುವಾದದ್ದಲ್ಲ.

ನನ್ನ ದೊಡ್ಡಮ್ಮನ ಮನೆ ಪೈವಳಿಕೆ ಕಡೆ. ಮನೆಯ ಹಿಂದೆ ಗುಡ್ಡೆ. ಗುಡ್ಡೆಯ ಬುಡದಲ್ಲಿ ಒಂದು ಬಾಯಿ, ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು. ಅದೇ ಸುರಂಗ. ಬಾವಿಯನ್ನು ಕೆಳಗೆ ತೋಡಿದರೆ ಸುರಂಗವನ್ನು ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆಯುತ್ತಾರೆ. ಕೆಲವು ಹತ್ತಿಪ್ಪತ್ತು ಕೋಲು ಹೋಗಿ ನಿಲ್ಲುತ್ತವೆ, ಕೆಲವು ನೂರು ಕೋಲು ದಾಟುತ್ತವೆ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಮುಂದೆ ಒಬ್ಬ ಪಿಕ್ಕಾಸು ಹಿಡಿದು ಕೂತುಕೊಂಡೇ ಅಗೆಯುತ್ತಾನೆ. ಹಿಂದೆ ಇನ್ನೊಬ್ಬ ಮಣ್ಣು ಎಳೆದು ಹೊರಗೆ ಹಾಕುತ್ತಾನೆ. ಜತೆಗೆ ಒಂದು ದೀಪ. ದೀಪ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ, ತಕ್ಷಣ ಹೊರಗೆ ಬರಬೇಕು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಸಂದಿಯಲ್ಲಿ ಒಸರು ಸಿಕ್ಕಿದರೆ ಕೆಲಸ ಗೆದ್ದ ಹಾಗೆ. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಹಗ್ಗವೂ ಬೇಡ. ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟರೆ ನೇರ ಅಂಗಳಕ್ಕೆ ಬರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಬಾಯಿಯ ಮುಂದೆ ನಿಂತರೆ ಒಳಗಿನಿಂದ ತಂಪು ಗಾಳಿ ಕಾಲಿಗೆ ಬಡಿಯುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಈ ಕಡೆಯೆಲ್ಲ ಇಂಥದ್ದು ಸಾವಿರಗಟ್ಟಲೆ ಇವೆ. ಇರಾನಿನಲ್ಲಿ ನೆಲದಡಿ ಕೊರೆಯುವ ನೀರಿನ ಕಾಲುವೆ ಕನಾತ್‌ಗೆ ಹೋಲಿಸಿ ಬರೆದವರಿದ್ದಾರೆ. ನಮ್ಮವರಿಗೆ ಅದೆಲ್ಲ ಗೊತ್ತಿರಲಿಲ್ಲ. ಗುಡ್ಡೆಯೊಳಗೆ ನೀರಿದೆ, ಅದನ್ನು ಕೇಳಿ ತೆಗೆದುಕೊಳ್ಳಬೇಕು ಅಂತ ಗೊತ್ತಿತ್ತು.

ಇಷ್ಟು ಮಳೆ ಬರುವ ಊರಲ್ಲಿ ಇಷ್ಟು ಕಷ್ಟ ಯಾಕೆ ಅಂತ ನೀನು ಕೇಳಿಯೇ ಕೇಳ್ತೀಯ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ, ಸರಿ. ಜಿಲ್ಲೆಯಲ್ಲಿ 12 ಹೊಳೆಗಳು, ಅದೂ ಸರಿ. ಆದರೆ ಇಳಿಜಾರು ಜಾಸ್ತಿ, ಹೊಳೆಗಳು ಗಿಡ್ಡ. ಜೂನ್‌ನಲ್ಲಿ ಬಿದ್ದ ನೀರು ಸುಮ್ನೆ ನಿಲ್ಲುವುದಿಲ್ಲ, ಅರಬ್ಬಿ ಸಮುದ್ರಕ್ಕೆ ಓಡುತ್ತದೆ. ಅದಕ್ಕೇ ಮಳೆ ಮುಗಿದು ತೋಡಿನ ನೀರು ಸಣ್ಣದಾಗುವ ಹೊತ್ತಿಗೆ ನಮ್ಮ ರೈತರು ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳಿವೆ. ಕಟ್ಟ ನಿಂತರೆ ಅಕ್ಕಪಕ್ಕದ ಬಾವಿಗಳೆಲ್ಲ ತುಂಬಿರುತ್ತವೆ. ಬೋರ್‌ವೆಲ್ ಬಂದ ಮೇಲೆ ಅನೇಕರು ಅದನ್ನು ಬಿಟ್ಟರು. ಕೆಳಗಿನ ನೀರನ್ನು ಬೋರ್ ಎಳೆದುಕೊಂಡಿತು, ಎಷ್ಟೋ ಸುರಂಗಗಳ ಒಸರು ನಿಂತಿತು. ಈ ನಷ್ಟದ ಬಗ್ಗೆ ನನಗೆ ಬಹಳ ಸಂಕಟ ಇದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಪೇಟೆಯ ಕಷ್ಟ ಬೇರೆ. ಬೇಸಿಗೆಯಲ್ಲಿ ಪಯಸ್ವಿನಿ ಸೊರಗಿದರೆ ಭರತಕ್ಕೆ, ಅಂದರೆ ಉಬ್ಬರದ ಹೊತ್ತಿಗೆ, ಸಮುದ್ರದ ನೀರು ಹೊಳೆಯೊಳಗೆ ಹತ್ತಿ ಬಾವಿಕ್ಕೆರೆಯವರೆಗೂ ಬರುತ್ತಿತ್ತು. ನಲ್ಲಿ ತಿರುಗಿಸಿದರೆ ಉಪ್ಪು. ಚಹಾಕ್ಕೆ ಆಗುವುದಿಲ್ಲ, ಸ್ನಾನ ಮಾಡಿದರೆ ಮೈ ಅಂಟು. ಅದು ಸಮುದ್ರದ ಕೆಲಸ, ಯಾರನ್ನು ಬೈಯುವುದು? ವರ್ಷ ವರ್ಷ ಮರಳಿನ ಚೀಲ ಜೋಡಿಸಿ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು. ಕೊನೆಗೆ 2021ರಲ್ಲಿ ಅಲ್ಲಿ ಬಾಗಿಲುಗಳಿರುವ ಕಾಯಂ ಅಣೆಕಟ್ಟು ಬಂತು. ನಾನು ನೋಡಲು ಹೋಗಿದ್ದೆ. ಮೇಲಿನ ಬದಿಯಲ್ಲಿ ಸಿಹಿನೀರು ಶಾಂತವಾಗಿ ನಿಂತಿತ್ತು. ನಮ್ಮ ರೈತರ ಕಟ್ಟದ ಬುದ್ಧಿಯೇ ಕಾಂಕ್ರೀಟಿನಲ್ಲಿ ದೊಡ್ಡದಾಗಿ ನಿಂತ ಹಾಗೆ ಕಂಡಿತು. ಇದನ್ನು ಕೊಟ್ಟದ್ದು ಕೇರಳವೇ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಳಚರಂಡಿಯ ಕತೆ ಸಣ್ಣದು. 1986ರ ಕಾಯ್ದೆಯ ಹೆಸರಿನಲ್ಲೇ ನೀರು ಪೂರೈಕೆಯ ಜತೆ ಒಳಚರಂಡಿಯೂ ಇದೆ. ಆದರೆ ಹೇಳಿಕೊಳ್ಳುವಂಥ ಜಾಲ ಇರುವುದು ತಿರುವನಂತಪುರದಲ್ಲಿ, ಮತ್ತೆ ಕೊಚ್ಚಿಯ ಒಂದು ಭಾಗದಲ್ಲಿ. ನಮಗೆಲ್ಲ ಮನೆಗೊಂದು ಗುಂಡಿ. 2011ರ ಜನಗಣತಿಯಲ್ಲಿ ಕೇರಳದ 100 ಮನೆಗಳಲ್ಲಿ 62 ಮನೆಗಳಿಗೆ ಬಾವಿಯೇ ಆಧಾರ. ಬಾವಿಗೂ ಗುಂಡಿಗೂ 7.5 ಮೀಟರ್ ದೂರ ಇರಬೇಕು ಅಂತ ಕಟ್ಟಡದ ನಿಯಮ. 5 ಸೆಂಟ್ಸ್ ಜಾಗದಲ್ಲಿ ನಿನ್ನ ಗುಂಡಿ ದೂರ ಇಟ್ಟರೆ ಅದು ಪಕ್ಕದವರ ಬಾವಿಗೆ ಹತ್ತಿರ ಆಗುತ್ತದೆ. ಅದಕ್ಕೇ ನಮ್ಮಲ್ಲಿ ಮನೆ ಕಟ್ಟುವ ಮೊದಲು ನೆರೆಯವರ ಬಾವಿ ಎಲ್ಲಿದೆ ಅಂತ ನೋಡುವುದು ಮರ್ಯಾದೆ.

ಈಗ ನಿನ್ನ ಪ್ರಶ್ನೆಯ ಒಳಗಿನ ಮುಳ್ಳಿಗೆ ಬರುತ್ತೇನೆ. ಕನ್ನಡ ಯಾಕೆ ಅಂತ.

ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಒಂದು ಕಚೇರಿಯಿಂದ ಕಾಗದ ಬಂತು. ಯಾವ ಕಚೇರಿ ಅಂತ ಬೇಡ. ಪೂರ್ತಿ ಮಲಯಾಳಂ. ದೊಡ್ಡಮ್ಮ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವರು. ದಿನಾ ಪೇಪರ್ ಓದುತ್ತಾರೆ, ಲೆಕ್ಕ ಬರೆದಿಡುತ್ತಾರೆ. ಆ ಲಿಪಿ ಮಾತ್ರ ಬರುವುದಿಲ್ಲ. ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗ ಅಕ್ಷರ ಕೂಡಿಸಿ ಓದಿ ಹೇಳಿದ. ಅರ್ಥ ಅವನಿಗೂ ಗೊತ್ತಿಲ್ಲ. ದೊಡ್ಡಮ್ಮನ ಕಿವಿಯಲ್ಲಿ ನಿಂತದ್ದು ಎರಡು ಪದ. ಒಂದು 'ಕೆಟ್ಟಿಡ', ಇನ್ನೊಂದು 'ಕುಡಿಶ್ಶಿಕ'. ಕೆಟ್ಟಿದೆ, ಕುಡಿಯುವುದು. ಬಾವಿ ನೀರು ಕೆಟ್ಟಿದೆ, ಕುಡಿಯಬೇಡಿ ಅಂತ ಸರ್ಕಾರ ಬರೆದಿದೆ ಅಂತ ಅವರು ತಿಳಿದರು.

ನಾನು ಎರಡು ವಾರ ಊರಿಗೆ ಹೋಗಿರಲಿಲ್ಲ. ಹೋದಾಗ ಬಾವಿಯ ರಾಟೆಯಲ್ಲಿ ಹಗ್ಗ ಇರಲಿಲ್ಲ. ಬಿಚ್ಚಿ ಮಡಚಿ ಒಳಗೆ ಇಟ್ಟಿದ್ದರು, ಯಾರೂ ತಪ್ಪಿ ನೀರು ಸೇದದ ಹಾಗೆ. 74 ವರ್ಷದ ಹೆಂಗಸು ದಿನಕ್ಕೆ ಎರಡು ಸಲ ಹಿಂದಿನ ಸುರಂಗಕ್ಕೆ ಹೋಗಿ, ಬೇಸಿಗೆಯ ಆ ಸಣ್ಣ ಒಸರಿನ ಕೆಳಗೆ ಕೊಡಪಾನ ಇಟ್ಟು, ತುಂಬುವವರೆಗೆ ಕೂತು, ಹೊತ್ತು ತರುತ್ತಿದ್ದರು. ನಾನು ಕಾಗದ ತೆಗೆದು ನೋಡಿದೆ. ಕೆಟ್ಟಿಡಂ ಅಂದರೆ ಕಟ್ಟಡ. ಕುಡಿಶ್ಶಿಕ ಅಂದರೆ ಬಾಕಿ. ಕಟ್ಟಡ ತೆರಿಗೆ ಬಾಕಿ ಇದೆ, ಕಟ್ಟಿ ಅಂತ. ಅಷ್ಟೇ ವಿಷಯ.

ನಾನು ಹೇಳಿದ ಮೇಲೆ ದೊಡ್ಡಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಹಗ್ಗ ತಂದು ರಾಟೆಗೆ ಹಾಕಿದರು. ಅವರ ಹೆಗಲಿನಲ್ಲಿ ಕೊಡಪಾನ ಒತ್ತಿದ ಕೆಂಪು ಗುರುತು ಕಾಣುತ್ತಿತ್ತು.

ಕಾನೂನು ನಮ್ಮ ಜತೆ ಇಲ್ಲ ಅಂತಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರ ಮಾತು ಇದೆ. ನಾವು ಇರುವ ಪ್ರದೇಶದ ಕಚೇರಿಗಳ ಜತೆ ಕನ್ನಡದಲ್ಲೇ ಪತ್ರ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಪುಸ್ತಕದಲ್ಲಿ ಇದೆ. ಕೌಂಟರಿನಲ್ಲಿ ಕೂತವರು ದಕ್ಷಿಣದ ಯಾವುದೋ ಜಿಲ್ಲೆಯಿಂದ ಬಂದ ಹುಡುಗಿ. ಅವಳಿಗೆ ಕನ್ನಡ ಬರುವುದಿಲ್ಲ, ಅದು ಅವಳ ತಪ್ಪಲ್ಲ. ದೊಡ್ಡಮ್ಮನಿಗೆ ಮಲಯಾಳಂ ಓದಲು ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಇಬ್ಬರ ನಡುವೆ ಬಿಲ್, ಮೀಟರ್, ಲೀಕ್, ಕನೆಕ್ಷನ್ ಅಂತ ನಾಲ್ಕು ಇಂಗ್ಲಿಷ್ ಪದ ಓಡಾಡುತ್ತವೆ. 2023ರ ಫೆಬ್ರವರಿಯಲ್ಲಿ ನೀರಿನ ದರ ಲೀಟರಿಗೆ 1 ಪೈಸೆ ಏರಿತು. ಬಿಪಿಎಲ್ ಮನೆಗಳಿಗೆ ತಿಂಗಳಿಗೆ 15,000 ಲೀಟರ್‌ವರೆಗೆ ಉಚಿತ. ಇಂಥ ವಿಷಯ ತಿಳಿಯದೆ ಹೋದರೆ ಬಡವರ ಮನೆಗೆ ನಿಜವಾದ ಹಣ ಹೋಗುತ್ತದೆ. ಭಾಷೆ ಅಂದರೆ ನಮಗೆ ಬಾವುಟ ಹಾರಿಸುವ ವಿಷಯ ಅಂತ ನೀನು ತಿಳಿದಿದ್ದೀಯ. ನಮಗೆ ಅದು ಬಾವಿಯ ಹಗ್ಗ.

ಮಲಯಾಳಿಗಳ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳ ಗೆಳತಿಯರು ಅರ್ಧ ಅವರೇ. ಅವಳು ಅವರ ಮನೆಯಲ್ಲಿ 'ವೆಳ್ಳಂ' ಕೇಳುತ್ತಾಳೆ, ನಮ್ಮ ಮನೆಯಲ್ಲಿ ನೀರು ಕೇಳುತ್ತಾಳೆ. ಅವರ ವೆಳ್ಳಂ ತುಳುವಿನಲ್ಲಿ ಬೊಳ್ಳ, ಅಂದರೆ ನೆರೆ. ಅವರ ಕಿಣರ್ ನಮಗೆ ಬಾವಿ. ಇಷ್ಟು ಮಾತುಗಳ ನಡುವೆ ಬೆಳೆಯುವುದು ಎಂಥ ಸೊತ್ತು ಅಂತ ನಾವು ಬಲ್ಲೆವು. ಅದರಲ್ಲಿ ನಮ್ಮದೊಂದು ಕಾಣೆಯಾಗಬಾರದು ಅಂತ ಕೇಳುತ್ತಿದ್ದೇವೆ, ಅಷ್ಟೆ. ಕೊಡಗಿನಲ್ಲಿ ಹುಟ್ಟಿದ ನೀರು ಗಡಿ ದಾಟಿದ ಮೇಲೂ ಕುಡಿಯಲು ಆಗುತ್ತದೆ ಅಲ್ವಾ?

ಆ ಕಾಗದದ ನಂತರ ನಾನು ಪ್ರತಿ ಭಾನುವಾರ ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಜಗಲಿಯಲ್ಲಿ ಕೂತರೆ ಸುತ್ತಲಿನ ಮನೆಯವರು ತಮ್ಮ ತಮ್ಮ ಕಾಗದ ಹಿಡಿದು ಬರುತ್ತಾರೆ. ಓದಿ ಹೇಳುತ್ತೇನೆ. ದೊಡ್ಡಮ್ಮ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆಯುತ್ತಾರೆ, ಇದು ಎಂತದ್ದು, ಎಷ್ಟು ಕಟ್ಟಬೇಕು, ಕೊನೆಯ ದಿನ ಯಾವುದು ಅಂತ. ನೀನೂ ಒಮ್ಮೆ ಬಂದು ಆ ಜಗಲಿಯಲ್ಲಿ ಕೂತುಕೋ.

ಈಗ ನಮ್ಮ ಗುಡ್ಡೆಯ ಮೇಲೂ ಮನೆಮನೆಗೆ ನಲ್ಲಿ ಹಾಕುವ ಯೋಜನೆಯ ಪೈಪು ಬಂದಿದೆ. ಕಪ್ಪು ಪೈಪು, ನೀಲಿ ಗೆರೆ. ದೊಡ್ಡಮ್ಮನ ಅಂಗಳದ ಮೂಲೆಯಲ್ಲಿ ಮೀಟರ್ ಕೂತಿದೆ. ಅದರ ಅಂಕೆಗಳನ್ನು ಅವರೇ ಓದುತ್ತಾರೆ, ಅಂಕೆಗೆ ಯಾರ ಸಹಾಯವೂ ಬೇಡ. ನಾಳೆ ಭಾನುವಾರ. ಸಂಜೆ ಫೋನ್ ಮಾಡಿದ್ದರು. ಐದು ಕಾಗದ ಕಾಯ್ತಾ ಇವೆಯಂತೆ.