ಗರ್ಭಿಣಿ ಹೆಂಡತಿಗೆ ಹೆಪಟೈಟಿಸ್ ಇ ಬಂದಿದೆ, ಯಾವ ಜೀನೋಟೈಪ್ (ವೈರಸ್ಸಿನ ಬಗೆ) ಎಂದು ತಿಳಿಯಲು ಎಲ್ಲಿ ಪರೀಕ್ಷೆ ಮಾಡಿಸಬೇಕು?

ಏಳು ತಿಂಗಳು, ಜಾಂಡೀಸ್, ಸೋಂಕು ಹೊಸದೆಂದು ತೋರಿಸುವ ಐಜಿಎಂ ರಕ್ತ ಪರೀಕ್ಷೆ ಪಾಸಿಟಿವ್. ಇಷ್ಟು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಗೌರಿಬಿದನೂರಿನ ನಮ್ಮ ಮನೆಗೆ ಬಾಣಂತನಕ್ಕೆಂದು ಬಂದಿದ್ದ ಅಕ್ಕನಿಗೂ ಇದೇ ಆಗಿತ್ತು.

ಮೊದಲು ತಮ್ಮನಿಗೆ ಬಂತು. ಕಣ್ಣು ಹಳದಿಯಾಯಿತು, ಊಟ ಸೇರಲಿಲ್ಲ, ಕೆಲವು ವಾರಕ್ಕೆ ಎದ್ದು ಓಡಾಡಿದ. ಹಾಗಾಗಿ ಅಕ್ಕನಿಗೆ ಬಂದಾಗ ಯಾರೂ ಹೆದರಲಿಲ್ಲ. ನೆಲನೆಲ್ಲಿ ರಸ, ಎಣ್ಣೆಯಿಲ್ಲದ ಪಥ್ಯ, ವಾರಕ್ಕೊಮ್ಮೆ ರಕ್ತ ಪರೀಕ್ಷೆ.

ನಾವು ಕೆಟ್ಟದ್ದು ಎಸ್‌ಜಿಪಿಟಿಯನ್ನು ನಂಬಿ. ಮೊದಲ ರಿಪೋರ್ಟಿನಲ್ಲಿ ಸಾವಿರದ ಮೇಲಿತ್ತು, ಮುಂದಿನದರಲ್ಲಿ ನೂರರ ಲೆಕ್ಕಕ್ಕೆ ಇಳಿದಿತ್ತು. ಲ್ಯಾಬಿನಿಂದ ಬಂದವನೇ ಅಮ್ಮನಿಗೆ ‘ಕಮ್ಮಿ ಆಗ್ತಾ ಇದೆ’ ಅಂದೆ. ದಯವಿಟ್ಟು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ: ಎಸ್‌ಜಿಪಿಟಿ ಎಂಬುದು ಲಿವರ್ ಕಣಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ. ಕಾಯಿಲೆ ವಾಸಿಯಾದರೂ ಅದು ಇಳಿಯುತ್ತದೆ, ಸೋರಲು ಕಣಗಳೇ ಉಳಿಯದಿದ್ದರೂ ಇಳಿಯುತ್ತದೆ. ಎರಡರಲ್ಲಿ ಯಾವುದು ಎಂದು ಹೇಳುವುದು ಪಿಟಿ ಐಎನ್‌ಆರ್. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಲಿವರ್ ಇನ್ನೂ ತಯಾರಿಸುತ್ತಿದೆಯೇ ಎಂದು ಅದು ತೋರಿಸುತ್ತದೆ. ಆ ಪರೀಕ್ಷೆ ಯಾರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಅದೇ ವಾರ ಅಕ್ಕ ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂರತೊಡಗಿದಳು. ಒಂದೇ ಸೀರೆ ಮಡಚುವುದು, ಅರ್ಧಕ್ಕೆ ನಿಲ್ಲಿಸಿ ಬಿಚ್ಚುವುದು, ಮತ್ತೆ ಮಡಚುವುದು. ತುಂಬು ಬಸುರಿ, ಸುಸ್ತಿರಬೇಕು ಅಂದುಕೊಂಡೆವು. ಅಷ್ಟರಲ್ಲಾಗಲೇ ಕಾಯಿಲೆ ಮಿದುಳಿಗೆ ಏರಿತ್ತು. ಬೆಂಗಳೂರು ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಕ್ಕ ಐಸಿಯುನಲ್ಲಿದ್ದು ಉಳಿದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜೀನೋಟೈಪ್ ಹುಡುಕಿಕೊಂಡು ಹೋಗಬೇಡಿ. 1 ಮತ್ತು 2ನೇ ಬಗೆ ಮನುಷ್ಯರಿಂದ ಮನುಷ್ಯರಿಗೆ, ಮಲ ಬೆರೆತ ನೀರಿನಿಂದ ಬರುತ್ತವೆ. 3 ಮತ್ತು 4 ಹಂದಿ, ಕಾಡುಹಂದಿ, ಜಿಂಕೆಗಳಲ್ಲಿದ್ದು ಸರಿಯಾಗಿ ಬೇಯದ ಮಾಂಸದಿಂದ ಬರುತ್ತವೆ. ಆ ಮೂರನೆಯದು ಯುರೋಪಿನ ತಲೆನೋವು. ಕಿಡ್ನಿ ಕಸಿ ಮಾಡಿಸಿಕೊಂಡವರ ಮೈಯಲ್ಲಿ ಅದು ವರ್ಷಗಟ್ಟಲೆ ಉಳಿದು ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ, ತರಬಲ್ಲದು. ಅವರಿಗೆ ರಿಬಾವಿರಿನ್ ಎಂಬ ವೈರಸ್ ವಿರೋಧಿ ಮಾತ್ರೆ ಕೊಡುತ್ತಾರೆ. ವೈರಸ್ ತನ್ನ ನಕಲು ಮಾಡಿಕೊಳ್ಳಲು ಬಳಸುವ ಪಾಲಿಮರೇಸ್ ಕಿಣ್ವದಲ್ಲಿ ಜಿ1634ಆರ್‌ನಂಥ ಬದಲಾವಣೆಗಳು ಆ ಮಾತ್ರೆ ಸೋಲುವುದರ ಜೊತೆ ಕಾಣಿಸಿಕೊಂಡಿವೆ. ಅಲ್ಲಿ ವೈರಸ್ಸಿನ ಜೀನು ಓದುವುದಕ್ಕೆ ಅರ್ಥವಿದೆ. ನಮ್ಮ ದೇಶದಲ್ಲಿ ಹಂದಿಗಳಲ್ಲಿ 4ನೇ ಬಗೆ ಸಿಕ್ಕರೂ ರೋಗಿಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲಾ 1ನೆಯದೇ. 1955-56ರಲ್ಲಿ ದೆಹಲಿಯಲ್ಲಿ, 1978ರಲ್ಲಿ ಕಾಶ್ಮೀರದಲ್ಲಿ ಎದ್ದ ದೊಡ್ಡ ಪಿಡುಗುಗಳು ಎರಡೂ ನೀರಿನಿಂದಲೇ ಹಬ್ಬಿದವು. ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ನೂರಕ್ಕೆ 20-25 ಮಂದಿಯನ್ನು ಕೊಲ್ಲಬಲ್ಲದು ಎನ್ನುವುದೂ ಈ ಬಗೆಯ ಬಗ್ಗೆಯೇ. ನಿಮ್ಮ ಊರೇ ನಿಮಗೆ ಉತ್ತರ ಕೊಟ್ಟಿದೆ. ರಿಪೋರ್ಟ್ ಬಂದರೂ ಚಿಕಿತ್ಸೆ ಬದಲಾಗದು, ರಿಬಾವಿರಿನ್ ಗರ್ಭಿಣಿಗೆ ಕೊಡುವಂತಿಲ್ಲ.

‘3ನೆಯದಾದರೆ ಭಯವಿಲ್ಲ ಅಲ್ಲವೇ’ ಎಂದಿದ್ದೀರಿ. ಆ ಆಸೆ ಇಟ್ಟುಕೊಂಡು ಮನೆಯಲ್ಲಿ ಕೂರಬೇಡಿ. ಒಂದೇ ಮನೆಯಲ್ಲಿ, ಒಂದೇ ನಲ್ಲಿಯ ನೀರು ಕುಡಿದು ತಮ್ಮ ಎದ್ದು ಓಡಾಡಿದ, ಅಕ್ಕ ವೆಂಟಿಲೇಟರ್ ಕಂಡಳು. ಬಗೆಯ ಹೆಸರೊಂದೇ ಎಲ್ಲವನ್ನೂ ಹೇಳುವುದಿಲ್ಲ.

ಇವತ್ತೇ ಐಎನ್‌ಆರ್ ಮಾಡಿಸಿ, ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಅದು ಏರಿ 1.5 ಮುಟ್ಟಿದರೆ, ಅಥವಾ ನಿಮ್ಮ ಹೆಂಡತಿ ಮಂಕಾದರೆ, ತಡವರಿಸಿದರೆ, ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಲಿವರ್ ವೈದ್ಯರು, ಹೆರಿಗೆ ವೈದ್ಯರು, ಐಸಿಯು ಮೂರೂ ಒಂದೇ ಕಟ್ಟಡದಲ್ಲಿರುವ ಆಸ್ಪತ್ರೆಗೇ ಹೋಗಿ, ವಿಳಾಸ ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ. ನಾಟಿ ಔಷಧಿ ನಿಲ್ಲಿಸಿ. ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ, ಮುದ್ದೆ, ಸಾರು, ಮೊಟ್ಟೆ ಏನು ಸೇರುತ್ತದೋ ತಿನ್ನಲಿ. ಮನೆಯವರೆಲ್ಲ ಕುದಿಸಿದ ನೀರನ್ನೇ ಕುಡಿಯಿರಿ. ನಮ್ಮ ಕಡೆ ನೀರು ಬಿಡುವುದು ದಿನ ಬಿಟ್ಟು ದಿನ. ಪೈಪು ಖಾಲಿಯಿದ್ದಾಗ ಪಕ್ಕದ ಚರಂಡಿ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ನಲ್ಲಿ ಬಿಟ್ಟಾಗ ಮೊದಲು ಬರುವ ಕೆಂಪು ನೀರು ನೆಲದ ತೊಟ್ಟಿಗೆ (ಸಂಪ್) ಹೋಗದಂತೆ ನೋಡಿಕೊಳ್ಳಿ, ಬೀದಿಯಲ್ಲಿ ಇನ್ನೊಬ್ಬರಿಗೆ ಜಾಂಡೀಸ್ ಇದ್ದರೆ ಪುರಸಭೆಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ತಿಳಿಸಿ.